ಎಕ್ಸ್‌ರೇ ಅಕ್ಕ ಮತ್ತು ಎಡಮಗ್ಗುಲ ಗಾಯ

ಒಡವೆ ಕಾರ್ಖಾನೆಯ ಹೆಂಗಸರ ಬಾಗಿಲಲ್ಲಿ ನಿಂತು ಹತ್ತೊಂಬತ್ತು ವರ್ಷ ಮೈ ತಡಕಿದವಳಿಗೆ ಮನುಷ್ಯರ ಮೇಲೆ ನಂಬಿಕೆ ಉಳಿದಿರಬೇಕು ಎಂದು ಬಯಸುವುದೇ ತಪ್ಪು. ಸಂಜೆ ಐದೂವರೆಗೆ ಗಂಟೆ ಹೊಡೆದರೆ ನಲವತ್ತಾರು ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು. ಪರದೆ ಕಟ್ಟಿದ ಪುಟ್ಟ ಕೋಣೆ, ಒಂದು ಟ್ಯೂಬ್‌ಲೈಟು, ಒಂದು ಸ್ಟೂಲು, ಏನಾದರೂ ಉದುರಿದರೆ ಕಾಣಲಿ ಎಂದು ನೆಲಕ್ಕೆ ಬಿಳಿಯ ಹಾಸು. ಒಬ್ಬೊಬ್ಬರೇ ಒಳಗೆ ಬಂದು ಬಾಯಿ ತೆರೆದು ನಾಲಿಗೆ ಎತ್ತಬೇಕು. ಆಮೇಲೆ ತುರುಬು, ಕಿವಿಯ ಹಿಂದೆ, ಕಾಲರಿನ ಮಡಿಕೆ, ಕಂಕುಳು. ನಂತರ ಅಂಗೈಯ ಅಂಚನ್ನು ಒತ್ತಿ ಹಿಡಿದು ಎದೆಯ ಕೆಳಗೆ ಒಳಬಟ್ಟೆಯ ಅಂಚಿನ ಉದ್ದಕ್ಕೂ ಒಂದು ಎಳೆತ. ಸೊಂಟ, ತೊಡೆ, ಹಿಮ್ಮಡಿ. ಕೊನೆಗೆ ಹತ್ತು ಉಗುರನ್ನೂ ಬಿಳಿ ತಟ್ಟೆಯ ಮೇಲೆ ಕುಟ್ಟಿ ತೋರಿಸಬೇಕು. ಒಬ್ಬೊಬ್ಬರಿಗೆ ನಲವತ್ತು ಸೆಕೆಂಡು.

ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಎಕ್ಸ್‌ರೇ ಅಕ್ಕ. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು. ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ಎಂದು ಲೋಕ ಬೈಯುವ ಗುಣಕ್ಕೆ ತಿಂಗಳು ತಿಂಗಳು ಸಂಬಳ ಕೊಡುವ ಜಾಗ ಸಿಕ್ಕಿತ್ತು, ಇನ್ನೇನು ಬೇಕು? ಮನೆಯಲ್ಲೂ ಅದೇ ಕಥೆ. ಬಸ್ ಓಡಿಸುವ ಗಂಡ ಡಿಪೋದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳ ಕೈ ಅವನ ಜೇಬುಗಳ ಮೇಲೆ ಒಂದು ಸುತ್ತು ಹೋಗಿ ಬಂದಿರುತ್ತಿತ್ತು. "ಹೆಂಡ್ತಿ ತಂದ್ಕೊಂಡೆ ಅಂದ್ಕೊಂಡಿದ್ದೆ, ನೋಡಿದ್ರೆ ಚೆಕ್‌ಪೋಸ್ಟು" ಎಂದು ಅವನು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ. ಅವಳು ಮಾತ್ರ ನಗುತ್ತಿರಲಿಲ್ಲ. ಪ್ರತಿ ಸಲ ಇದನ್ನೇ ಯಾಕೆ ಹೇಳುತ್ತಾನೆ, ಯಾವುದನ್ನು ಮುಚ್ಚಿಡುವುದಕ್ಕೆ ಹೇಳುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದಳು.

ಹುಟ್ಟಿನಿಂದ ಅವಳು ಹೀಗಿರಲಿಲ್ಲ. ನೌಕರಿಗೆ ಸೇರಿದ ಮೊದಲ ವರ್ಷ ಒಬ್ಬ ಬಾಣಂತಿ ಕೆಲಸಕ್ಕೆ ಮರಳಿದ್ದಳು. ಸಂಜೆಯಾಗುತ್ತಿದ್ದಂತೆ ಅವಳಿಗೆ ಎದೆಹಾಲು ಸೋರುತ್ತಿತ್ತು, ಅದಕ್ಕೆ ಒಳಗೆ ಹತ್ತಿಯ ಪ್ಯಾಡ್ ಇಟ್ಟುಕೊಳ್ಳುತ್ತಿದ್ದಳು. "ಮುಟ್ಬೇಡಿ ಅಕ್ಕ, ಉರಿಯುತ್ತೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಾಗ ನಮ್ಮವಳು ಕರಗಿ ನೀರಾಗಿ ಬಿಟ್ಟುಬಿಟ್ಟಳು. ಎರಡು ತಿಂಗಳು ಹಾಗೆ ಬಿಟ್ಟಳು. ಆ ಹತ್ತಿಯೊಳಗೆ ಎಷ್ಟು ಕಲ್ಲು ಆಚೆ ಹೋಯಿತೆಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ, ಆದರೆ ಹೋಗಿದ್ದಂತೂ ನಿಜ. ಅವತ್ತು ನೌಕರಿ ಉಳಿದದ್ದೇ ಹೆಚ್ಚು. ಅಂದಿನಿಂದ ಹೆಂಗಸರ ಎದೆಯ ಕೆಳಗಿನ ಒಂದು ಗೇಣು ಜಾಗದ ಬಗ್ಗೆ ಅವಳು ದೇವರು ಬಂದು ಪ್ರಮಾಣ ಮಾಡಿದರೂ ನಂಬುತ್ತಿರಲಿಲ್ಲ.

ಇಂಥವಳ ಕೈಗೆ ಸಿಕ್ಕಿದವಳು ಸೂಜಿಗಣ್ಣಿ.

ಸೂಜಿಗಣ್ಣಿ ಕಲ್ಲು ಕೂರಿಸುವ ಕೆಲಸದಲ್ಲಿ ಕಾರ್ಖಾನೆಗೇ ಮೊದಲಿಗಳು. ಬೇರೆಯವರು ಭೂತಗನ್ನಡಿ ಹಾಕಿಕೊಂಡು ಹುಡುಕುವ ಪುಡಿಗಲ್ಲನ್ನು ಅವಳು ಬರಿಗಣ್ಣಲ್ಲಿ ನೋಡಿ, ಚಿಮಟದಲ್ಲಿ ಎತ್ತಿ, ಉಂಗುರದ ಗೂಡಿನಲ್ಲಿ ಕೂರಿಸಿ ಸುತ್ತಲಿನ ಲೋಹದ ಹಲ್ಲುಗಳನ್ನು ಅದರ ಮೇಲೆ ಮಡಚುತ್ತಿದ್ದಳು. ವಯಸ್ಸು ಮೂವತ್ತೆಂಟು, ಇಬ್ಬರು ಮಕ್ಕಳು, ಮಾತು ಕಡಿಮೆ. ಹರ್ನಿಯಾ ಆಪರೇಷನ್ ಎಂದು ಆರು ವಾರ ರಜೆ ಹಾಕಿದಳು. ಆರು ವಾರ ಕಳೆದು ಕೆಲಸಕ್ಕೆ ಬಂದ ಮೊದಲ ಸಂಜೆ ಪರದೆಯೊಳಗೆ ಬಂದು ಕೈ ಅಗಲಿಸಿದಳು. ಮೊದಲಿನಷ್ಟು ಅಗಲಿಸಲಿಲ್ಲ. ಮೊಣಕೈ ಪಕ್ಕೆಗೆ ಅಂಟಿಯೇ ಇತ್ತು.

ಅಕ್ಕ ಅಂಗೈಯ ಅಂಚನ್ನು ಎದೆಯ ಕೆಳಗೆ ಎಳೆದಳು. ಬಟ್ಟೆಯಲ್ಲದ್ದು ಏನೋ ಒಂದು ಕೈಗೆ ಸಿಕ್ಕಿತು. ಚಪ್ಪಟೆ, ರಬ್ಬರಿನಂತೆ ಮೆತ್ತಗೆ, ಎರಡು ಬೆರಳು ಅಗಲ, ಮಡಿಕೆಯ ಗುಂಟ ಉದ್ದಕ್ಕೆ. ಸೂಜಿಗಣ್ಣಿ ಉಸಿರು ಒಳಗೆಳೆದುಕೊಂಡಳು.

"ಏನಾಯ್ತು?"

"ಏನಿಲ್ಲ ಅಕ್ಕ. ನಿಮ್ಮ ಕೈ ತಣ್ಣಗಿದೆ."

ಅವಳು ಆಚೆ ಹೋದ ಮೇಲೆ ಅಕ್ಕ ತನ್ನ ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು. ಬಿಸಿಯಾಗಿತ್ತು. ಸುಳ್ಳು ನಂಬರ್ ಒಂದು ಎಂದುಕೊಂಡಳು.

ಬಟ್ಟೆ ಬಿಚ್ಚಿಸಿ ನೋಡುವುದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಬಿಚ್ಚಿಸಿ ಏನೂ ಸಿಗದಿದ್ದರೆ ಚೆಕಿಂಗ್‌ನವಳೇ ಉತ್ತರ ಕೊಡಬೇಕು. ಅದಕ್ಕಿಂತ ಮುಖ್ಯವಾಗಿ, ಖಾಲಿ ಇರುವ ದಿನ ಹಿಡಿದರೆ ಕಳ್ಳಿ ಎಚ್ಚೆತ್ತುಕೊಳ್ಳುತ್ತಾಳೆ ಎಂಬುದು ಅಕ್ಕನ ಅನುಭವ. ಹಾಗಾಗಿ ಅವಳು ಬಾಯಿ ಮುಚ್ಚಿಕೊಂಡು ಕೈಗೆ ಕೆಲಸ ಕೊಟ್ಟಳು. ದಿನಾ ಸಂಜೆ ಸೂಜಿಗಣ್ಣಿಯ ಸರದಿ ಬಂದಾಗ ಅದೇ ಜಾಗದಲ್ಲಿ ಇನ್ನಷ್ಟು ಒತ್ತಿದಳು. ಎದುರುಬದುರು ನಿಂತರೆ ಅಕ್ಕನ ಬಲಗೈ ಬೀಳುವುದು ಸೂಜಿಗಣ್ಣಿಯ ಎಡಗಡೆಗೆ. ಬಲಗೈಗೇ ಜೋರು ಹೆಚ್ಚು. ಪಟ್ಟಿಯ ಅಂಚು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಕೆಳಗೆ ಕಾಳಿನಂಥದ್ದು ಏನಾದರೂ ಉರುಳುತ್ತದೆಯೇ ಎಂದು ಹಿಂದಕ್ಕೂ ಮುಂದಕ್ಕೂ ಉಜ್ಜಿ ನೋಡಿದಳು. ನೋವಾದರೆ ತಾನಾಗಿಯೇ ಬಾಯಿ ಬಿಡುತ್ತಾಳೆ ಎಂಬ ಎಣಿಕೆಯೂ ಇತ್ತು. ಸೂಜಿಗಣ್ಣಿ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳೇ ಹೊರತು ಬಾಯಿ ಬಿಡಲಿಲ್ಲ. ಇಷ್ಟು ನೋವು ನುಂಗಬೇಕಾದರೆ ಎಷ್ಟು ಕದ್ದಿರಬೇಕು ಎಂದು ಅಕ್ಕನ ಅನುಮಾನ ಇನ್ನೂ ಬಲಿಯಿತು.

ಅನುಮಾನಕ್ಕೆ ಒಮ್ಮೆ ಬಾಗಿಲು ತೆಗೆದರೆ ಅದು ಬಂಧುಬಳಗವನ್ನೆಲ್ಲ ಕರೆದುಕೊಂಡೇ ಬರುತ್ತದೆ. ಮಧ್ಯಾಹ್ನ ಮೂರಕ್ಕೆ ಸೂಜಿಗಣ್ಣಿ ಬಚ್ಚಲಿಗೆ ಹೋಗುತ್ತಾಳೆ, ಹತ್ತು ನಿಮಿಷ ಬರುವುದಿಲ್ಲ, ಬಂದಾಗ ಸೋಪಿನ ವಾಸನೆ. ಕೆಲಸದ ಮೇಜಿನಲ್ಲಿ ಕೂತಿದ್ದಾಗ ಯಾರೂ ನೋಡುತ್ತಿಲ್ಲವೆಂದುಕೊಂಡು ಬಟ್ಟೆಯ ಮೇಲಿಂದಲೇ ಎಡ ಎದೆಯ ಕೆಳಗೆ ಕೆರೆದುಕೊಳ್ಳುತ್ತಾಳೆ. ಚೀಲದಲ್ಲಿ ಒಂದು ಪುಟ್ಟ ಡಬ್ಬಿ, ಅದರಲ್ಲಿ ಮೈಬಣ್ಣದ ಒಂದು ಪಟ್ಟಿ.

"ಏನಿದು?" ಎಂದು ಅಕ್ಕ ಕೇಳಿದಳು.

"ಸೊಂಟ ನೋವಿಗೆ."

"ಆಪರೇಷನ್ ಹರ್ನಿಯಾದ್ದು, ನೋವು ಸೊಂಟದ್ದು, ಪಟ್ಟಿ ಇರೋದು ಇನ್ನೆಲ್ಲೋ" ಎಂದು ಅಕ್ಕ ಆ ಸಂಜೆ ಗಂಡನಿಗೆ ಹೇಳಿದಳು.

"ಪಟ್ಟಿ ಎಲ್ಲಿದೆ ಅಂತ ನಿಂಗೆ ಹೇಗೆ ಗೊತ್ತು?" ಎಂದ ಗಂಡ.

"ನನ್ನ ಕೈಗೆ ಗೊತ್ತು."

"ಕೈಗೆ ಗೊತ್ತಾದ್ರೆ ಸಾಕಾ? ಒಂದ್ಸಲ ಬಾಯಲ್ಲಿ ಕೇಳು."

ಈ ಮನುಷ್ಯ ಯಾಕೆ ಅವಳ ಪರ ಮಾತಾಡುತ್ತಾನೆ ಎಂದು ಅಕ್ಕ ಅದನ್ನೂ ಒಂದು ಮೂಲೆಯಲ್ಲಿ ಎತ್ತಿಟ್ಟಳು.

ಏಳನೆಯ ವಾರ ಒಂದು ಬೆಳಗ್ಗೆ, ಆಗಷ್ಟೇ ಮೇಜಿಗೆ ಹಂಚಿದ್ದ ನಲವತ್ತು ಕಲ್ಲುಗಳ ಒಂದು ಪೊಟ್ಟಣ ಕಾಣೆಯಾಯಿತು. ಮಾಲೀಕರು ಎಲ್ಲರನ್ನೂ ಮೇಜಿನಿಂದ ಎಬ್ಬಿಸಿ ನಿಲ್ಲಿಸಿದರು. ತೆಳ್ಳಗೆ, ಬೆಳ್ಳಗೆ, ಎಂದೂ ದನಿ ಏರಿಸದ ಮನುಷ್ಯ. "ಯಾರು ತಗೊಂಡಿದೀರೋ ಅವರ ಮೈಮೇಲೇ ಇದೆ ಅಂತ ನಂಗೊತ್ತು" ಎಂದರು, ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೂಜಿಗಣ್ಣಿಯ ಕೈ ಎಡ ಪಕ್ಕೆಗೆ ಹೋಯಿತು. ನಲವತ್ತೈದು ಜನ ಅದನ್ನು ನೋಡಲಿಲ್ಲ. ಅಕ್ಕ ನೋಡಿದಳು.

ಆಮೇಲೆ ಮಾಲೀಕರು ಅಕ್ಕನನ್ನು ಒಳಗೆ ಕರೆದರು. ಮೇಜಿನ ಮೇಲೆ ಒಂದು ಬಣ್ಣದ ಹಾಳೆ, ಅದರಲ್ಲಿ ಬಾಗಿಲ ಚೌಕಟ್ಟಿನಂಥ ಒಂದು ಯಂತ್ರದ ಚಿತ್ರ. ಅದರ ಕೆಳಗೆ ನಡೆದುಹೋದರೆ ಸಾಕು, ಎಲ್ಲ ಹೇಳುತ್ತದಂತೆ.

"ನಿನ್ನ ವಯಸ್ಸೂ ಆಯ್ತು. ಕೈಲಿ ಹುಡುಕೋ ಕಾಲ ಹೋಯ್ತು ಅಂತಾರೆ. ನೀನೇನಂತೀಯ?"

ಈ ಕೆಲಸ ಬಿಟ್ಟರೆ ಅಕ್ಕನಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇರೆ ಹೆಸರೂ ಇಲ್ಲ.

"ಯಾರು ಅಂತ ನಂಗೊತ್ತು. ಸೂಜಿಗಣ್ಣಿ. ಎಡ ಎದೆ ಕೆಳಗೆ ಒಂದು ಪಟ್ಟಿ ಅಂಟಿಸ್ಕೊಂಡು ಓಡಾಡ್ತಾಳೆ. ನನ್ನ ಕೈಗೆ ಸಿಕ್ಕಿದೆ."

"ಖಾತ್ರಿನಾ?"

"ಖಾತ್ರಿ."

"ಸರಿ, ಇವತ್ತು ಸಂಜೆ ಬಿಚ್ಚಿಸಿ ನೋಡು. ಸಿಕ್ಕಿದ್ರೆ ನೀನಿರ್ತೀಯ. ಸಿಗ್ಲಿಲ್ಲ ಅಂದ್ರೆ ಮೆಷಿನ್ ಬರುತ್ತೆ."

ಸಂಜೆ ಎಲ್ಲರೂ ಹೋದ ಮೇಲೆ ಸೂಜಿಗಣ್ಣಿಯನ್ನು ಕೊನೆಗೆ ಉಳಿಸಿಕೊಂಡಳು. ಮಾಲೀಕರು ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಅಕ್ಕ ಪರದೆಯ ಎರಡೂ ಅಂಚಿಗೆ ಪಿನ್ನು ಹಾಕಿದಳು.

"ಬಿಚ್ಚು."

ಸೂಜಿಗಣ್ಣಿ ಅವಳ ಮುಖ ನೋಡಿದಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಕೆಲಸದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಒಳಬಟ್ಟೆ ತೆಗೆದು, ಎರಡು ಕೈಯನ್ನೂ ತಲೆಯ ಮೇಲಿಟ್ಟು ನಿಂತಳು. ಎರಡೂ ಎದೆಯ ಕೆಳಗೆ ಮೈಬಣ್ಣದ ಪಟ್ಟಿಗಳಿದ್ದವು. ಅಕ್ಕನಿಗೆ ಒಂದು ಕ್ಷಣ ಗೆದ್ದ ಸಂತೋಷ ಉಕ್ಕಿ ಬಂತು. ನಾನು ಬರೆಯುವವನು, ಅದನ್ನು ಮುಚ್ಚಿಟ್ಟು ಅವಳನ್ನು ಒಳ್ಳೆಯವಳು ಮಾಡಲಾರೆ. ಬಂತು, ಜೋರಾಗಿಯೇ ಬಂತು.

"ತೆಗಿ ಅದನ್ನ."

ಸೂಜಿಗಣ್ಣಿ ಅಂಚಿನಿಂದ ಮೆಲ್ಲಗೆ ಬಿಡಿಸಿ ಎರಡನ್ನೂ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು, ಮಡಚಿದಳು, ಎಳೆದಳು, ಮೂಸಿದಳು. ಬಿಳಿ ತಟ್ಟೆಯ ಮೇಲೆ ಕೊಡವಿದಳು. ಒಂದು ಧೂಳಿನ ಕಣವೂ ಬೀಳಲಿಲ್ಲ. ಆಮೇಲೆ ತಲೆ ಎತ್ತಿದಳು.

ಮೊಲೆತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ನೇರ ಕೆಳಕ್ಕೆ ಇನ್ನೊಂದು, ಅದು ಹೋಗಿ ಮುಟ್ಟುವಲ್ಲಿ ಮಡಿಕೆಯ ಗುಂಟ ಅಡ್ಡಕ್ಕೆ ಮತ್ತೊಂದು. ಎರಡೂ ಕಡೆ ಅದೇ. ಬಲಗಡೆಯದು ಪೆನ್ಸಿಲಿನಲ್ಲಿ ಎಳೆದಷ್ಟು ತೆಳು, ನಸುಗೆಂಪು. ಎಡಗಡೆ ಮಾತ್ರ ಗೆರೆಗಳು ಸೇರುವ ಜಾಗದಿಂದ ಹೊರಕ್ಕೆ ನಾಲ್ಕು ಬೆರಳಿನಷ್ಟು ಉದ್ದ ಉಬ್ಬಿ ದಪ್ಪವಾಗಿತ್ತು. ಕಡುಗೆಂಪು, ಹೊಳಪು, ಎರೆಹುಳು ಮಲಗಿದ ಹಾಗೆ.

"ಏನಿದು?" ಎಂದಳು ಅಕ್ಕ. ದನಿ ಅವಳಿಗರಿವಿಲ್ಲದೆ ಇಳಿದಿತ್ತು.

"ಆಪರೇಷನ್ ಮಾಡಿಸಿ ಎದೆ ಎತ್ತಿಸ್ಕೊಂಡಿದೀನಿ ಅಕ್ಕ. ಎರಡು ಹೆತ್ತು ಹಾಲು ಕುಡಿಸಿದ್ಮೇಲೆ ಪೂರ್ತಿ ಜೋತುಹೋಗಿತ್ತು. ಇಡೀ ದಿನ ಬಗ್ಗಿ ಕೂತು ಕೆಲಸ ಮಾಡೋದು, ಕೆಳಗಡೆ ಬೆವತು ಹುಣ್ಣಾಗ್ತಿತ್ತು. ಅದೊಂದೇ ಅಲ್ಲ. ಹನ್ನೊಂದು ವರ್ಷ ಕನ್ನಡಿಗೆ ಬೆನ್ನು ಹಾಕ್ಕೊಂಡೇ ಬಟ್ಟೆ ಬದಲಾಯಿಸಿದೀನಿ. ಒಂದ್ಸಲ ತಿರುಗಿ ನಿಲ್ಬೇಕು ಅನ್ನಿಸ್ತು."

"ಮನೇಲಿ?"

"ಗಂಡಂಗೆ ಗೊತ್ತು. ಅತ್ತೆಗೆ ಹರ್ನಿಯಾ ಅಂದಿದೀವಿ. ಇಲ್ಲೂ ಅದನ್ನೇ ಅಂದೆ. ನಿಜ ಹೇಳಿದ್ರೆ ಊಟದ ಹೊತ್ತಲ್ಲಿ ಎಲ್ಲಾರೂ ನನ್ನನ್ನೇ ನಂಚ್ಕೊಂಡು ತಿಂತಿದ್ರು."

ಅದು ಸುಳ್ಳಲ್ಲ. ಆ ಊಟದ ಮೇಜಿನ ನಾಲಿಗೆಗಳ ಉದ್ದ ದಿನಾ ಅವನ್ನು ಎತ್ತಿಸಿ ನೋಡುವ ಅಕ್ಕನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಆದರೆ ಅಕ್ಕನ ಬುದ್ಧಿ ಖಾಲಿ ಕೂರುವ ಬುದ್ಧಿಯಲ್ಲ. ಒಬ್ಬ ಕಳ್ಳಿ ತಪ್ಪಿಸಿಕೊಂಡ ಕೂಡಲೇ ಅದು ಇನ್ನೊಬ್ಬ ಕಳ್ಳನನ್ನು ಹಿಡಿಯಿತು.

"ಈ ಡಾಕ್ಟರು ನಿಂಗೆ ಮೋಸ ಮಾಡಿದಾನೆ. ಬಲಗಡೆ ಅವನು ಹೊಲಿದಿದಾನೆ, ಎಡಗಡೆ ಕಲಿಯೋರ ಕೈಗೆ ಕೊಟ್ಟಿದಾನೆ. ಒಂದೇ ಕೈ ಹೊಲಿದ್ರೆ ಹೀಗೆ ಬೇರೆ ಬೇರೆ ಆಗುತ್ತಾ? ಹೋಗಿ ಕೇಳು. ಬಿಡ್ಬೇಡ."

"ಕೇಳ್ದೆ ಅಕ್ಕ. ನಂಗೂ ಅದೇ ಅನುಮಾನ ಇತ್ತು. ನಾನು ಕೆಲಸಕ್ಕೆ ಬರೋ ಹಿಂದಿನ ದಿನ ತೆಗೆದ ಫೋಟೋ ತೋರಿಸಿದ್ರು ಅವರು. ಎರಡೂ ಕಡೆ ಒಂದೇ ಥರ ಇತ್ತು. ಕೆಲಸಕ್ಕೆ ಬಂದು ಎರಡನೇ ವಾರಕ್ಕೆ ಎಡಗಡೆ ಗಾಯ ಸ್ವಲ್ಪ ಬಾಯಿ ಬಿಡ್ತು. ಮತ್ತೆ ಕೂಡ್ಕೊಂಡಾಗ ಹೀಗೆ ಉಬ್ಬಿ ಕೂಡ್ಕೊಳ್ತು."

"ಯಾಕೆ?"

"ಎಡಗಡೆ ದಿನಾ ಏನಾದ್ರೂ ಉಜ್ಜುತ್ತಾ ಅಂತ ಡಾಕ್ಟರು ಕೇಳಿದ್ರು. ಚೀಲದ ಪಟ್ಟಿ ಇರ್ಬೇಕು ಅಂದೆ."

"ಚೀಲದ ಪಟ್ಟಿ ಅಲ್ಲಿಗೆ ಹೇಗೆ ಬರುತ್ತೆ?" ಎಂದು ಅಕ್ಕ ಥಟ್ಟನೆ ಹಿಡಿದಳು. ಸುಳ್ಳು ಕಂಡರೆ ಹಿಡಿಯುವುದು ಅವಳ ಅಭ್ಯಾಸ.

ಸೂಜಿಗಣ್ಣಿ ಅಕ್ಕನ ಬಲಗೈ ನೋಡಿದಳು. ಅಕ್ಕನೂ ನೋಡಿದಳು. ಮನಸ್ಸು ಒಪ್ಪದೆ, ಗಾಯಕ್ಕೆ ತಗಲದಂತೆ ಅಂಗೈಯ ಅಂಚನ್ನು ಅದರ ಎದುರಿಗೆ ಹಿಡಿದು ಅಳೆದಳು. ಉಬ್ಬು ಎಲ್ಲಿ ಶುರುವಾಗಿತ್ತೋ ಅಲ್ಲಿ ಅವಳ ಕೈ ದಿನಾ ಒತ್ತಲು ಶುರು ಮಾಡುತ್ತಿತ್ತು. ಎಲ್ಲಿ ಮುಗಿದಿತ್ತೋ ಅಲ್ಲಿಗೆ ಎಳೆತ ಮುಗಿಯುತ್ತಿತ್ತು. ಏಳು ವಾರ, ಭಾನುವಾರ ಬಿಟ್ಟು ದಿನಾ. ಕಿವಿಯವರೆಗೂ ಮುಖ ಕಾದುಹೋಯಿತು. ನಾಚಿಕೆ ಎಂದರೆ ಇಷ್ಟು ಬಿಸಿ ಇರುತ್ತದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು.

"ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ? ಇಲ್ಲಿ ಗಾಯ ಇದೆ, ಒತ್ಬೇಡಿ ಅಂತ?"

"ಹೇಳಿದ್ರೆ ನಂಬ್ತಿದ್ರಾ ಅಕ್ಕ?"

ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಹೊರಗೆ ಮಾಲೀಕರು ಕೆಮ್ಮಿದರು.

"ಇಲ್ಲ" ಎಂದಳು ಅಕ್ಕ.

ಪಟ್ಟಿಗಳನ್ನು ಅವಳ ಕೈಗೆ ಮರಳಿ ಕೊಡುತ್ತಾ, "ಹೋಗುತ್ತಾ ಇದು?" ಎಂದು ಕೇಳಿದಳು.

"ಈ ಪಟ್ಟಿ ಇರೋದೂ ಕಲೆ ತಗ್ಗಲಿ ಅಂತಾನೇ, ದಿನಾ ತೊಳೆದು ಅಂಟಿಸ್ಕೋಬೇಕು. ಸೂಜಿನೂ ಚುಚ್ತಾರಂತೆ ಗಾಯದೊಳಕ್ಕೆ. ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತಂತೆ. ತಗ್ಗುತ್ತೆ, ಪೂರ್ತಿ ಹೋಗಲ್ಲ ಅಂದ್ರು." ಸೂಜಿಗಣ್ಣಿ ಪಟ್ಟಿಗಳನ್ನು ಮತ್ತೆ ಅಂಟಿಸಿಕೊಂಡು ಬಟ್ಟೆ ಹಾಕಿಕೊಂಡಳು. "ಮಾಲೀಕರಿಗೆ ಹೇಳ್ಬೇಡಿ. ಅವರಿಗೆ ಗೊತ್ತಾದ್ರೆ ನಾಳೆ ಹನ್ನೊಂದು ಗಂಟೆ ಟೀಗೆ ಎಲ್ಲರಿಗೂ ಗೊತ್ತಿರುತ್ತೆ. ನಾನು ಇಲ್ಲಿ ಕೂತು ಕೆಲಸ ಮಾಡಕ್ಕಾಗಲ್ಲ."

ಅಕ್ಕ ಪಿನ್ನು ತೆಗೆದಳು. ಸೂಜಿಗಣ್ಣಿ ಚೀಲ ಎತ್ತಿಕೊಂಡು, ಮಾಲೀಕರ ಕುರ್ಚಿಯ ಪಕ್ಕದಲ್ಲೇ ತಲೆ ತಗ್ಗಿಸದೆ ನಡೆದು ಹೋದಳು.

"ಸಿಕ್ತಾ?" ಎಂದರು ಮಾಲೀಕರು.

"ಇಲ್ಲ."

"ಪಟ್ಟಿ?"

ಇಲ್ಲೊಂದು ಸಣ್ಣ ನಿಜ ಹೇಳಿದ್ದರೆ ಸಾಕಿತ್ತು. ಪಟ್ಟಿ ಇದೆ, ನನ್ನ ಕೈ ಹೇಳಿದ್ದು ಸರಿ, ಆದರೆ ಅದು ಆಪರೇಷನ್ ಗಾಯದ್ದು ಎಂದಿದ್ದರೆ ಅವಳ ಕೈಯ ಮಾನವೂ ನೌಕರಿಯೂ ಉಳಿಯುತ್ತಿದ್ದವು. ಮಾತು ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಅಕ್ಕ ಅದನ್ನು ನುಂಗಿದಳು.

"ಪಟ್ಟಿ ಗಿಟ್ಟಿ ಏನೂ ಇಲ್ಲ. ಒಳಬಟ್ಟೆ ಹೊಲಿಗೆ ದಪ್ಪ ಇದೆ, ಅಷ್ಟೇ. ನನ್ನ ಕೈಗೆ ತಪ್ಪಾಗಿ ತಿಳೀತು."

ಮಾಲೀಕರು ಅವಳನ್ನು ಬಹಳ ಹೊತ್ತು ನೋಡಿದರು. ಆ ನೋಟ ಅಕ್ಕನಿಗೆ ಚೆನ್ನಾಗಿ ಗೊತ್ತು, ಹತ್ತೊಂಬತ್ತು ವರ್ಷ ಅದನ್ನು ಅವಳೇ ಬೇರೆಯವರ ಮೇಲೆ ಬಿಟ್ಟಿದ್ದಳು.

"ಬೆಳಗ್ಗೆ ಖಾತ್ರಿ ಅಂದೆ. ಅರ್ಧ ಗಂಟೆ ಒಳಗಿದ್ರಿ ಇಬ್ರೂ. ಈಗ ಏನೂ ಇಲ್ಲ ಅಂತೀಯ." ಅವರು ಮಹಡಿಯ ಮೇಲಿದ್ದ ಹೆಂಡತಿಗೆ ಫೋನು ಮಾಡಿದರು. "ಸ್ವಲ್ಪ ಕೆಳಗೆ ಬಾ. ಇವಳನ್ನೂ ಒಂದ್ಸಲ ನೋಡ್ಬಿಡು."

ಅಕ್ಕ ತನ್ನದೇ ಪರದೆಯೊಳಗೆ, ತನ್ನದೇ ಬಿಳಿ ಹಾಸಿನ ಮೇಲೆ ನಿಂತು ಕೈ ಅಗಲಿಸಿದಳು. ಮಾಲೀಕರ ಹೆಂಡತಿಗೆ ಈ ಕೆಲಸ ಬಾರದು. ತುರುಬು ನೋಡುವುದನ್ನೇ ಮರೆತರು, ಕಿವಿಯ ಹಿಂದೆ ನೋಡಲಿಲ್ಲ, ನಾಲಿಗೆ ಎತ್ತಿಸಲೇ ಇಲ್ಲ. ಎದೆಯ ಕೆಳಗೆ ಮಾತ್ರ ಉಂಗುರ ತೊಟ್ಟ ಬೆರಳುಗಳಿಂದ ಗಟ್ಟಿಯಾಗಿ ಒತ್ತಿ ಒತ್ತಿ ಹುಡುಕಿದರು. ಗಾಯವಿಲ್ಲದ ಮೈಗೇ ನೋವಾಯಿತು. ಅಕ್ಕ ತುಟಿ ಕಚ್ಚಿಕೊಂಡು ಗೋಡೆ ನೋಡಿದಳು.

"ಏನಿಲ್ಲ" ಎಂದು ಅವರು ಹೊರಗೆ ಹೇಳಿದರು. ಆ ದನಿಯಲ್ಲೂ ಪೂರ್ತಿ ನಂಬಿಕೆ ಇರಲಿಲ್ಲ.

ಮನೆಗೆ ಬಂದ ಗಂಡ ಎಂದಿನಂತೆ ಜೇಬು ಮುಂದೆ ಮಾಡಿ ನಿಂತ. ಅಕ್ಕ ಮುಟ್ಟಲಿಲ್ಲ. "ಹುಷಾರಿಲ್ವಾ?" ಎಂದು ಅವನು ಗಾಬರಿಯಾಗಿ ಹಣೆ ಮುಟ್ಟಿ ನೋಡಿದ.

ಮೆಷಿನ್ನಿಗೆ ಮಾಲೀಕರು ಮರುದಿನವೇ ಹೇಳಿ ಕಳಿಸಿದರು. ಅದು ಬಂದದ್ದು ಹನ್ನೆರಡು ದಿನಕ್ಕೆ. ಅದಕ್ಕೆ ಲೋಹ ಮಾತ್ರ ಗೊತ್ತಾಗುತ್ತದೆ, ಕಲ್ಲು ಗೊತ್ತಾಗುವುದಿಲ್ಲ ಎಂಬ ಸಂಗತಿ ಮಾಲೀಕರಿಗೆ ತಿಳಿದದ್ದು ಅಕ್ಕ ಕೆಲಸ ಬಿಟ್ಟು ಎಷ್ಟೋ ತಿಂಗಳಾದ ಮೇಲೆ. ಆ ನಲವತ್ತು ಕಲ್ಲುಗಳಂತೂ ಇವತ್ತಿಗೂ ಸಿಕ್ಕಿಲ್ಲ.

ಮೆಷಿನ್ ಬರುವ ಮುಂಚಿನ ಹನ್ನೊಂದು ಸಂಜೆ ಅಕ್ಕನೇ ಬಾಗಿಲಲ್ಲಿದ್ದಳು. ಸಾಲು ಎಂದಿನಂತೆ ಬರುತ್ತಿತ್ತು, ಎಂದಿನಂತೆ ಬಾಯಿ, ತುರುಬು, ಕಾಲರು, ಉಗುರು. ಸೂಜಿಗಣ್ಣಿ ಒಳಗೆ ಬಂದು ಕೈ ಅಗಲಿಸುವಳು. ಅಕ್ಕ ಎಲ್ಲ ಕಡೆ ನೋಡುವಳು, ಎದೆಯ ಹತ್ತಿರ ಬಂದಾಗ ನಿಲ್ಲುವಳು. ಆಗ ಒಳಗಿನಿಂದ ಒಂದು ದನಿ ಏಳುತ್ತಿತ್ತು: ಅವತ್ತು ಖಾಲಿ ಇತ್ತು, ಸರಿ. ಇವತ್ತು? ನೀನು ಇನ್ನು ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತು. ಕದಿಯುವುದಿದ್ದರೆ ಇಡೀ ಕಾರ್ಖಾನೆಯಲ್ಲಿ ಇದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ. ಹನ್ನೊಂದು ಸಂಜೆಯೂ ಆ ದನಿ ತಪ್ಪದೆ ಎದ್ದಿತು, ಹನ್ನೊಂದು ಸಂಜೆಯೂ ಅಕ್ಕ ಅದರ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯಲ್ಲಿ ಪರದೆ ಸರಿಸಿದಳು.